ಮಾವನ ಧ್ವನಿಗೊಂದು ಸ್ಪೀಕರ್

ನಮ್ಮವರಿಗೆ ಕಿವಿ ಇದೆ ಎಂದು ಮದುವೆಯಾದ ಹೊಸದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಉಪ್ಪು ಮುಗಿದಿದೆ ಎಂದರೆ ಕೇಳಿಸುತ್ತಿರಲಿಲ್ಲ, ಹಿತ್ತಲ ಬಾಗಿಲಿನ ಚಿಲಕ ಕಿತ್ತಿದೆ ಎಂದರೆ ಕೇಳಿಸುತ್ತಿರಲಿಲ್ಲ. ಅಂಥ ಮನುಷ್ಯ ಒಂದು ಭಾನುವಾರ ಪಡಸಾಲೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂತು, “ಈ ಸ್ಪೀಕರಿನಾಗ ಕೆಳಗಿನ ಆವಾಜ್ ಭಾಳ ದಪ್ಪ ಆಗ್ಯಾದ, ಮ್ಯಾಲಿಂದು ತೆಳ್ಳಗಾಗ್ಯಾದ” ಎಂದಾಗ, ನಾನು ಹಸನು ಮಾಡುತ್ತಿದ್ದ ತೊಗರಿಬೇಳೆಯ ಮೊರವನ್ನು ಪಕ್ಕಕ್ಕಿಟ್ಟು ಅವರ ಮುಖವನ್ನೇ ನೋಡಿದೆ. ಜ್ವರ ಬಂದಿದೆಯೇನೋ ಎಂದುಕೊಂಡೆ. ಜ್ವರವೇ ಹೌದು, ಆದರೆ ಹಣೆ ಮುಟ್ಟಿದರೆ ತಿಳಿಯುವಂಥದ್ದಲ್ಲ. ಅದು ಇಳಿಯುವ ಹೊತ್ತಿಗೆ ತೊಟ್ಟಿಲಲ್ಲಿದ್ದ ನಮ್ಮ ಮಗಳು ಎದ್ದು ಓಡಾಡುತ್ತಿದ್ದಳು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಶಹಾಬಾದಿನಲ್ಲಿ. ನಮ್ಮವರು ವಾಡಿಯಲ್ಲಿ ರೈಲಿನ ಗೂಡ್ಸ್ ಆಫೀಸಿನ ಗುಮಾಸ್ತರು. ಬೆಳಿಗ್ಗೆ ಒಂದು ಪ್ಯಾಸೆಂಜರ್ ಹಿಡಿದು ಹೋಗಿ ಸಂಜೆ ಇನ್ನೊಂದು ಪ್ಯಾಸೆಂಜರಿಗೆ ಬರುವವರು. ಮಾವನವರು ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದು, ವಯಸ್ಸಾದ ಮೇಲೆ ಮನೆ ಹಿಡಿದವರು. ಅಂಥವರು ಕಟ್ಟಿಸಿದ ಮನೆ ಮತ್ತೆ ಹೇಗಿದ್ದೀತು? ನೆಲಕ್ಕೆ ಹಾಸುಗಲ್ಲಿನ ಫರಸಿ, ಗೋಡೆಗೆ ಕಲ್ಲು, ತಲೆಯ ಮೇಲೆ ಉದ್ದುದ್ದ ಫರಸಿಯ ಹಾಸು, ಗೋಡೆಯ ಗೂಡಿನೊಳಗಿನ ಹಲಗೆಯೂ ಕಲ್ಲು, ಬಚ್ಚಲಲ್ಲಿ ಕೂರುವ ಮಣೆಯೂ ಕಲ್ಲು. ಸೇಡಂನಿಂದ ಸೊಸೆಯಾಗಿ ಬಂದ ನನಗೆ ಮೊದಲ ವಾರವೇ ಒಂದು ಸಂಗತಿ ತಿಳಿಯಿತು. ಆ ಮನೆಯಲ್ಲಿ ಒಂದು ಚಮಚ ಕೈ ಜಾರಿ ಬಿದ್ದರೆ ಓಣಿಗೆಲ್ಲ ಸುದ್ದಿಯಾಗುತ್ತದೆ.

ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ. ಮಾವನವರು ತತ್ವಪದ ಹಾಡುವವರು. ಗಣಿಯ ದಂಡೆಯ ಮೇಲೆ ನಿಂತು ತಳದಲ್ಲಿರುವ ಆಳುಗಳನ್ನು ಕೂಗಿ ಕೂಗಿ ಹದಗೊಂಡ ಧ್ವನಿ ಅದು. ಏರಿದರೆ ಒಡೆಯುತ್ತಿರಲಿಲ್ಲ, ಇಳಿದರೆ ಮಂಕಾಗುತ್ತಿರಲಿಲ್ಲ. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ ಎಂಬುದು ಆ ಮನೆಯ ಪದ್ಧತಿ. ಬಂದವರೆಲ್ಲ ಉಂಡೇ ಹೋಗಬೇಕೆಂಬುದು ಇನ್ನೊಂದು ಪದ್ಧತಿ. ಎರಡೂ ಸೇರಿದಾಗ ಭಕ್ತಿ ಹೊರಗಿನವರ ಪಾಲಿಗೆ, ಹೊಗೆ ಒಳಗಿನವರ ಪಾಲಿಗೆ ಬರುತ್ತಿತ್ತು. ಅತ್ತೆಯವರು ಗಂಡನ ಎದುರು ಕೂತು ಒಂದು ಪದವನ್ನೂ ಕೇಳಿದವರಲ್ಲ. ಕೇಳಿದ್ದೆಲ್ಲ ಅಡಿಗೆಮನೆಯಿಂದ, ಒಂದು ಕಣ್ಣು ಒಲೆಯ ಮೇಲಿಟ್ಟುಕೊಂಡು. ಸೊಸೆಯಾಗಿ ಬಂದ ಮೇಲೆ ನಾನೂ ಅಲ್ಲೇ ಕೂತು ಕೇಳಿದೆ.

ನಾನು ಚೊಚ್ಚಲ ಹೆರಿಗೆಗೆ ಸೇಡಂಗೆ ಹೋಗಿದ್ದಾಗ ಮಾವನವರ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಸೋಲಾಪುರದ ಡಾಕ್ಟರು ತೆಗೆಯಲೇಬೇಕು ಎಂದರು. ತೆಗೆದರೆ ಜೀವ ಉಳಿಯುತ್ತದೆ, ಧ್ವನಿಯ ಮಾತು ಹೇಳಲಾಗುವುದಿಲ್ಲ ಎಂದೂ ಅಂದರು. ಆಗ ಸುಲೇಪೇಟದ ಅಳಿಯ, ಅಂದರೆ ನನ್ನ ನಾದಿನಿಯ ಗಂಡ, ಹೈದರಾಬಾದಿನಿಂದ ತಂದಿದ್ದ ತನ್ನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದರು. ಆಪರೇಷನ್‌ಗೆ ಹೋಗುವ ಮುಂಚಿನ ಸೋಮವಾರ ಭಜನೆಯವರನ್ನೆಲ್ಲ ಕೂರಿಸಿ, ಯಾರೂ ಕೆಮ್ಮಬಾರದು, ಯಾರೂ ಮೂಗು ಏರಿಸಬಾರದು ಎಂದು ಕಟ್ಟಪ್ಪಣೆ ಮಾಡಿ, ಓಣಿಯ ಎರಡೂ ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸಿ ಬಂಡಿಗಳನ್ನು ತಡೆದು, ಒಂದು ಕ್ಯಾಸೆಟ್ಟಿನ ಎರಡೂ ಬದಿ ತುಂಬುವಷ್ಟು ಹಾಡಿಸಿಕೊಂಡರು. ನಾನು ಕೂಸನ್ನೆತ್ತಿಕೊಂಡು ಶಹಾಬಾದಿಗೆ ಮರಳಿದಾಗ ಮಾವನವರ ಜೀವ ಉಳಿದಿತ್ತು, ಧ್ವನಿ ಹೋಗಿತ್ತು. ಮಾತಾಡಿದರೆ ಬರೀ ಉಸಿರು. ಮೊಮ್ಮಗಳ ಕಿವಿಯ ಹತ್ತಿರ ಬಾಯಿಟ್ಟು ಏನೋ ಅಂದರು, ನನಗೆ ಕೇಳಿಸಲಿಲ್ಲ. ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ.

ಗಾಯ ಮಾಯ್ದ ಮೇಲೆ ಒಂದು ದಿನ ನಮ್ಮವರು, ಅಳಿಯ ಬಿಟ್ಟುಹೋಗಿದ್ದ ರೆಕಾರ್ಡರಿನಲ್ಲಿ ಆ ಟೇಪು ಹಚ್ಚಿದರು. ಮಾವನವರು ಗೋಡೆಗೆ ಒರಗಿ ಕೇಳಿದರು. ಒಂದು ಪದ ಮುಗಿಯಿತು.

“ಇವ ಯಾರು?” ಎಂದರು ಉಸಿರಿನಲ್ಲಿ.

“ನೀನಾ ಅಲಾ ಅಪ್ಪಾ” ಎಂದರು ನಮ್ಮವರು.

“ನಾ ಅಲ್ಲ.”

ಮರುದಿನ ಮತ್ತೆ ಹಚ್ಚಿದರು. ಮತ್ತೆ ಅದೇ ಮಾತು. ಮೂರನೆಯ ಸಲ ಮಾವನವರು ಮಗನ ಕೈ ಹಿಡಿದುಕೊಂಡು ಹೇಳಿದ್ದು ನನಗೆ ಬಾಗಿಲ ಮರೆಯಿಂದ ಕೇಳಿಸಿತು. “ಹಾಡು ನಂದಾ ಅದ. ಆವಾಜ್ ನಂದಲ್ಲ. ಸಾಯೋದ್ರೊಳಗ ಒಮ್ಮಿ ನನ್ನ ಆವಾಜ್ ನನಗ ಕೇಳಸ್ರಪಾ. ಮತ್ತೇನೂ ಬ್ಯಾಡ.” ತಂದೆ ಯಾವತ್ತೂ ಏನನ್ನೂ ಕೇಳಿದವರಲ್ಲ. ಅಂಥವರು ಕೇಳಿದರು. ನಮ್ಮವರಿಗೆ ಸ್ಪೀಕರಿನ ಜ್ವರ ಏರಿದ್ದು ಆ ಕ್ಷಣದಲ್ಲಿ. ನಾನು ಎಷ್ಟೇ ಆಡಿಕೊಂಡರೂ ಅದರ ಬುಡದಲ್ಲಿ ಇದ್ದದ್ದು ಇದು.

ನಮ್ಮವರ ಲೆಕ್ಕ ಸರಳವಾಗಿತ್ತು. ಅಪ್ಪನ ಧ್ವನಿ ದೊಡ್ಡದು, ರೆಕಾರ್ಡರಿನ ಸ್ಪೀಕರ್ ಅಂಗೈಯಷ್ಟು. ಅದರೊಳಗೆ ಅಪ್ಪ ಹಿಡಿಸುವುದಿಲ್ಲ. ವಾಡಿ ಸ್ಟೇಷನ್ನಿನ ಎದುರು ರೇಡಿಯೋ ರಿಪೇರಿಯ ಮಿಸ್ತ್ರಿಯೊಬ್ಬ ಇದ್ದ. ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅವನ ಕೈಯಲ್ಲಿ ಸರಿಹೋದದ್ದೂ ಹೆಚ್ಚೇನಿರಲಿಲ್ಲ. ಅವನು ಎಲ್ಲ ಕೇಳಿಕೊಂಡು, “ಆವಾಜಿಗಿ ಹೊಟ್ಟಿ ಬೇಕ್ರಿ ಸಾಹೇಬ್ರ. ಈ ಡಬ್ಬಿಗಿ ಹೊಟ್ಟೀನೇ ಇಲ್ಲ. ಒಂದ್ ಗಡಿಗಿ ತಗೋರಿ, ಅದರ ಬಾಯಿ ಮ್ಯಾಲ ಸ್ಪೀಕರ್ ಬೋರಲ ಹಾಕ್ರಿ, ಆಮ್ಯಾಲ ನೋಡ್ರಿ ಮಜಾ” ಎಂದು ಒಂದು ಬಿಡಿ ಸ್ಪೀಕರನ್ನೂ ಎರಡು ಮೊಳ ವೈರನ್ನೂ ಕಟ್ಟಿಕೊಟ್ಟ.

ಮನೆಯಲ್ಲಿದ್ದ ಒಳ್ಳೆಯ ಗಡಿಗೆ ಒಂದೇ. ಅತ್ತೆಯವರು ನೀರು ತಣ್ಣಗಾಗಲೆಂದು ಮೂಲೆಯಲ್ಲಿ ಮರಳ ಮೇಲೆ ಇಟ್ಟದ್ದು. ಶಹಾಬಾದಿನ ಬೇಸಿಗೆಯಲ್ಲಿ ಆ ಗಡಿಗೆ ಎಂದರೆ ಮನೆಯ ಹಿರಿಯರಲ್ಲಿ ಒಬ್ಬರಿದ್ದ ಹಾಗೆ. ನಮ್ಮವರು ಅದನ್ನು ಬರಿದು ಮಾಡಿ, ಒರೆಸಿ, ಬಿಸಿಲಿಗಿಟ್ಟು, ಸ್ಪೀಕರಿಗೆ ಕೊಟ್ಟರು. ಆ ಬೇಸಿಗೆಯೆಲ್ಲ ನಾವು ಬಿಸಿನೀರು ಕುಡಿದದ್ದು ಸಂಗೀತದ ಸಲುವಾಗಿ. ಟೇಪು ಹಚ್ಚಿದರು. ಧ್ವನಿಗೆ ಹೊಟ್ಟೆ ಬಂತು, ಸುಳ್ಳೇಕೆ ಹೇಳಲಿ. ಆದರೆ ಹೊಟ್ಟೆಯೊಂದೇ ಬಂತು. ಕೈ ಕಾಲು ಮುಖ ಯಾವುದೂ ಬರಲಿಲ್ಲ. ಪದದ ಒಂದು ಮಾತೂ ತಿಳಿಯಲಿಲ್ಲ. ಮಾವನವರು ಕೇಳಿ, “ಬಾವ್ಯಾಗ ಬಿದ್ದಾವ ಕೂಗಿದಂಗ ಅದ” ಎಂದರು.

ನನ್ನ ರುಚಿ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸೇಡಂನ ನನ್ನ ತವರಿನಲ್ಲಿ ಮುಂಭಾಗಕ್ಕೆ ಬಟ್ಟೆ ಹೊದಿಸಿದ ದೊಡ್ಡ ರೇಡಿಯೋ ಇತ್ತು. ಹಚ್ಚಿದ ಮೇಲೆ ಅದು ಕಾಯ್ದು ಮಾತಾಡಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಮಾತಾಡಿದರೆ ಎದುರಿಗೆ ಕೂತು ಮಾತಾಡಿದಷ್ಟು ಹಿತ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬರುತ್ತಿತ್ತು. ನನಗೆ ಅದೇ ಸ್ಪೀಕರ್. ಹಾಡಿನ ಮಾತು ತಿಳಿಯಬೇಕು, ಅಷ್ಟೇ. ನಮ್ಮವರ ರುಚಿ ಬೇರೆ. ಗೋಡೆಯ ಮೇಲಿನ ದೇವರ ಫೋಟೋ ಅಲುಗಬೇಕು, ಎದೆಯೊಳಗೆ ಧಿಂ ಎನ್ನಬೇಕು, ಆಗ ಅವರಿಗೆ ಹಾಡು ಕೇಳಿದ ತೃಪ್ತಿ. ಹಾಡು ಯಾವುದಾದರೂ ನಡೆದೀತು. ಇಂಥ ಕಿವಿಯವರು ತಂದೆಯ ಧ್ವನಿಯನ್ನು ಹುಡುಕಲು ಹೊರಟಿದ್ದರು.

ಗಡಿಗೆ ಸೋತಮೇಲೆ ಮಿಸ್ತ್ರಿ ಕಟ್ಟಿಗೆಯ ಪೆಟ್ಟಿಗೆ ಮಾಡಿಸಲು ಹೇಳಿದ. ಇದು ಕಿವಿಗೆ ಬಿದ್ದದ್ದೇ ಮಾವನವರು ಎದ್ದು ಕೂತರು. ಕಟ್ಟಿಗೆ ಎಂದರೆ ಅವರಿಗೆ ಮೊದಲಿನಿಂದಲೂ ತಾತ್ಸಾರ. ಹುಳ ತಿನ್ನುತ್ತದೆ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೀಳುತ್ತದೆ. “ಕಲ್ಲಿನ ಊರಾಗ ಕಟಗಿ ಯಾಕ ತರತಿ?” ಎಂದು ಮಗನಿಗೆ ಅಂದು, ಕೋಲೂರಿಕೊಂಡು ಹಳೆಯ ಗಣಿಯವರ ಹತ್ತಿರ ತಾವೇ ಹೋದರು. ಗಂಟಲಿನ ಕೆಲಸವನ್ನೆಲ್ಲ ಕೈಸನ್ನೆಯಿಂದಲೇ ಮಾಡಿ ನಾಲ್ಕೂ ಬದಿಗೆ ಫರಸಿ ಕೊಯ್ಯಿಸಿ, ಮುಂದಿನ ಫರಸಿಯಲ್ಲಿ ಸ್ಪೀಕರಿಗೆ ದುಂಡನೆಯ ತೂತು ಕೊರೆಸಿ, ಮೇಲೊಂದು ಮುಚ್ಚಳ ಹಾಸಿ, ಸಿಮೆಂಟಿನಿಂದ ಕೂಡಿಸಿದರು. ಚಂದದ ಕೆಲಸ, ಅಂಚೆಲ್ಲ ನುಣ್ಣಗೆ ಹೊಳೆಯುತ್ತಿತ್ತು. ಎತ್ತುವಂತಿರಲಿಲ್ಲ, ಅದೊಂದೇ ಕೊರತೆ.

ಅದನ್ನು ತಳ್ಳುಗಾಡಿಯ ಮೇಲೆ ಹೇರಿ, ನಮ್ಮವರು ಹಿಂದಿನಿಂದ ನೂಕುತ್ತ ಪೇಟೆಯ ನಡುವೆ ತಂದರು. ನುಣುಪಾದ ಕಲ್ಲು, ಚೌಕಾಕಾರ, ಮುಚ್ಚಳ ಬೇರೆ. ನೋಡಿದವರು ಏನೆಂದು ತಿಳಿಯಬೇಕು? “ಯಾರ ಗದ್ದಗಿರಿ?” ಎಂದು ಯಾರೋ ಸಮಾಧಿಯೆಂದು ತಿಳಿದು ಕೇಳಿದರು. ಬಿಸಿಲಿನಲ್ಲಿ ಏದುಸಿರು ಬಿಡುತ್ತಿದ್ದ ನಮ್ಮವರು ಪ್ರಶ್ನೆಯ ಕಡೆ ಗಮನ ಕೊಡದೆ, “ಅಪ್ಪನ ಸಲುವಾಗಿರಿ” ಎಂದು ಮುಂದೆ ನೂಕಿದರು. ಸಂಜೆಯ ಹೊತ್ತಿಗೆ ಭಜನೆಯವರು, ಗಣಿಯವರು, ದೂರದ ಬೀಗರು ತಲೆಗೆ ವಸ್ತ್ರ ಸುತ್ತಿಕೊಂಡು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ಬಾಗಿಲು ತೆರೆದದ್ದು ಮಾವನವರು. ಬಂದವರಲ್ಲಿ ಒಬ್ಬರಂತೂ ಅವರನ್ನು ನೋಡಿದವರೇ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. ಮಾವನವರಿಗೆ ಬೈಯಲು ಧ್ವನಿ ಇಲ್ಲ, ನಗಲು ಧ್ವನಿ ಇಲ್ಲ. ಹೊಟ್ಟೆ ಹಿಡಿದುಕೊಂಡು ಅಲುಗಾಡುತ್ತಿದ್ದರು. ಬಂದವರಿಗೆಲ್ಲ ಚಹಾ ಮಾಡಿ ಕೊಡುವ ಕೆಲಸ ಮಾತ್ರ ನನಗೆ ಬಂತು.

ಆ ಕಲ್ಲಿನ ಪೆಟ್ಟಿಗೆಯಲ್ಲಿ ಧ್ವನಿ ಗಟ್ಟಿಯಾಗಿಯೇ ಬಂತು, ಮಾತೂ ಸ್ವಲ್ಪ ತಿಳಿಯಿತು. ಆದರೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸಿದ್ದು ಬೇರೆಯೇ ಒಂದು ಸಪ್ಪಳ. ತಪ್, ತಪ್, ತಪ್. ಹಾಡಿನ ಹಿಂದೆ, ತಾಳದ ಆಚೆ. ಮೊದಲ ಚಿಕ್ಕ ಸ್ಪೀಕರಿನಲ್ಲೂ ಅದು ಇತ್ತು, ಸೊಳ್ಳೆಯಷ್ಟು ಇದ್ದುದರಿಂದ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಗಡಿಗೆಯಲ್ಲಿ ಎಲ್ಲವೂ ಧಿಮ್ಮೆನ್ನುತ್ತಿದ್ದುದರಿಂದ ಅದರೊಳಗೆ ಮುಳುಗಿತ್ತು. ಈಗ ಎದ್ದು ಬಂತು. ಒಮ್ಮೊಮ್ಮೆ ನಿಲ್ಲುತ್ತಿತ್ತು, ಮತ್ತೆ ಸುರುವಾಗುತ್ತಿತ್ತು. ನಮ್ಮವರು ತಲೆ ಕೆಡಿಸಿಕೊಂಡರು. “ಸ್ಪೀಕರಿನ ಕಾಗದ ಸಡಲಾಗ್ಯಾದ, ಅದಕ್ಕಾ ಬಡಕೊಳ್ಳಾಕತ್ತದ” ಎಂದರು. ಮಿಸ್ತ್ರಿ ಅಂಟು ಬಳಿದ. ಸಪ್ಪಳ ಹೋಗಲಿಲ್ಲ. ಮಿಸ್ತ್ರಿ ಸ್ಪೀಕರನ್ನೇ ಬದಲಿಸಿದ. ಹೊಸದರಲ್ಲೂ ಅದೇ. “ಇಡೀ ಕಂಪನೀದೇ ಮಾಲು ಖರಾಬ್ ಅದರಿ” ಎಂದು ಅವನು ಕೈ ತೊಳೆದುಕೊಂಡ. ಕಲ್ಲಿನ ಪೆಟ್ಟಿಗೆ ಅಲ್ಲೇ ಉಳಿಯಿತು. ಅತ್ತೆಯವರು ಅದರ ಮೇಲೆ ನೀರಿನ ಕೊಡ ಇಟ್ಟರು.

ಅತ್ತೆಯವರ ಮಾತು ಬಂತು, ಹೇಳಬೇಕು. ಟೇಪು ಹಚ್ಚುತ್ತಾರೆ ಎಂದು ಗೊತ್ತಾದರೆ ಸಾಕು, ಅವರು ಹಿತ್ತಲಿಗೆ ಎದ್ದು ಹೋಗುತ್ತಿದ್ದರು. ಇದ್ದ ಕೆಲಸ ಬಿಟ್ಟು ಹೋಗುತ್ತಿದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಗಂಡನ ಹಳೆಯ ಧ್ವನಿ ಕೇಳಿದರೆ ಸಂಕಟವಾಗುತ್ತದೆ, ಪಾಪ, ಎಂದು ನಾವೆಲ್ಲ ತಿಳಿದಿದ್ದೆವು. ಯಾರೂ ಅವರನ್ನು ಕರೆದು ಕೂರಿಸಲಿಲ್ಲ, ಯಾರೂ ಅವರನ್ನು ಏನೂ ಕೇಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಸುಲೇಪೇಟಕ್ಕೆ ಹೋದೆವು. ಅಳಿಯನದು ತೊಗರಿಯ ವ್ಯಾಪಾರ, ಅಂಗಡಿ ಮುಂದೆ, ಮನೆ ಹಿಂದೆ. ಆಗ ಮನೆಯೊಳಗೂ ಮಾಡಿನ ತನಕ ತೊಗರಿಯ ಚೀಲಗಳೇ. ಅವರ ಹತ್ತಿರ ಹೈದರಾಬಾದಿನಿಂದಲೇ ತಂದ ಜೋಡಿ ಸ್ಪೀಕರುಗಳಿದ್ದವು; ಕಟ್ಟಿಗೆಯವು, ಸಣ್ಣವು, ಮುಂದೆ ಕಂದು ಬಟ್ಟೆ. ನಮ್ಮವರು ಜೊತೆಗೆ ತಂದಿದ್ದ ರೆಕಾರ್ಡರಿಗೆ ಅವನ್ನು ಜೋಡಿಸಿ, ಜೇಬಿನಿಂದ ಕ್ಯಾಸೆಟ್ ತೆಗೆದರು. ಅದು ಸದಾ ಅವರ ಜೇಬಿನಲ್ಲಿ ಇರುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಚೀಲಗಳ ನಡುವೆ ಆ ಧ್ವನಿ ಎದ್ದಾಗ ನಾನು ಕೂಸಿಗೆ ಗಂಜಿ ತಿನ್ನಿಸುತ್ತಿದ್ದವಳು ಚಮಚ ಹಿಡಿದುಕೊಂಡು ಹಾಗೇ ಕೂತೆ. ಒಂದೊಂದು ಮಾತೂ ತಿಳಿಯಿತು. ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ನನ್ನ ಮಟ್ಟಿಗೆ ಅಲ್ಲಿಗೆ ಹುಡುಕಾಟ ಮುಗಿಯಿತು. ಮಾವನವರು ಮುಂದಕ್ಕೆ ಬಗ್ಗಿದರು, ತಲೆ ಒಂದು ಬದಿಗೆ ವಾಲಿಸಿದರು.

“ಹತ್ತರ ಬಂದದ” ಎಂದರು ಮಾವನವರು.

ನಾ ಅಲ್ಲ ಎನ್ನಲಿಲ್ಲ. ನಮ್ಮವರಿಗೆ ಅಷ್ಟು ಸಾಕಾಯಿತು. ಅಳಿಯ ಉದಾರಿ, ಒಯ್ಯಿರಿ ಎಂದರು. ಬಸ್ಸಿನಲ್ಲಿ ನಮ್ಮವರ ತೊಡೆಯ ಮೇಲೆ ಒಂದು ಸ್ಪೀಕರ್, ಮಾವನವರ ತೊಡೆಯ ಮೇಲೆ ಇನ್ನೊಂದು. ಕೂಸನ್ನು ಹಿಡಿದುಕೊಳ್ಳಿ ಎಂದರೆ ಇಬ್ಬರಿಗೂ ಕೈ ಖಾಲಿ ಇರಲಿಲ್ಲ.

ಶಹಾಬಾದಿಗೆ ತಂದು ಹಚ್ಚಿದರೆ ಅವೇ ಸ್ಪೀಕರುಗಳು ಗುಡಿಯ ಗರ್ಭಗುಡಿಯೊಳಗೆ ನಿಂತು ಕೂಗಿದಂತೆ ಕೂಗಿದವು. ಒಂದು ಮಾತು ಮುಗಿಯುವುದರೊಳಗೆ ಅದರ ಬಾಲ ಇನ್ನೊಂದು ಮಾತಿನ ಮೇಲೆ ಬೀಳುತ್ತಿತ್ತು. ನಮ್ಮವರು ಸಿಟ್ಟಿಗೆದ್ದು ಸ್ಪೀಕರುಗಳನ್ನು ಆ ಗೂಡಿನಿಂದ ಈ ಗೂಡಿಗೆ, ನೆಲದಿಂದ ಕಿಟಕಿಗೆ ಇಟ್ಟು ಇಟ್ಟು ನೋಡಿದರು. ಕೊನೆಗೆ ಒಂದು ದಿನ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಲೆಂದು ನಾನು ಪಡಸಾಲೆಯಲ್ಲಿ ರಾಶಿ ಹಾಕಿದ್ದಾಗ ಟೇಪು ಹಾಡುತ್ತಿತ್ತು. ಧ್ವನಿ ಥಟ್ಟನೆ ಹದಕ್ಕೆ ಬಂತು. ಆಗ ಅವರಿಗೆ ಹೊಳೆಯಿತು, ಸುಲೇಪೇಟದಲ್ಲಿ ಕೇಳಿದ್ದರಲ್ಲಿ ಅರ್ಧ ಸ್ಪೀಕರಿನದು, ಅರ್ಧ ತೊಗರಿ ಚೀಲಗಳದು. ನಮ್ಮಲ್ಲಿ ಹೊಲವಿಲ್ಲ, ಚೀಲವಿಲ್ಲ. ಕೌದಿಗಳಿದ್ದವು. ಅತ್ತೆಯವರು ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆಸಿ ನಮ್ಮವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಕಲ್ಲಿನ ಗೋಡೆಗೆ ಮೊಳೆ ಹೊಡೆಯುವುದೆಂದರೆ ಓಣಿಯ ಮಂದಿಯೆಲ್ಲ ಬಂದು ನೋಡುವಂಥ ಕೆಲಸ. ಪಕ್ಕದ ಮನೆಯವರು ಇಣುಕಿ, “ಯಾಕವ್ವ, ಗ್ವಾಡಿಗಿ ಥಂಡಿ ಹತ್ಯಾದೇನು?” ಎಂದು ಕೇಳಿದರು. ನಾನು, “ಹೌದ್ರಿ, ಭಾಳ ಕೆಮ್ಮಾಕತ್ಯಾವ” ಎಂದೆ.

ಧ್ವನಿ ಮಾತ್ರ ಸರಿಹೋಯಿತು. ಸುಲೇಪೇಟಕ್ಕಿಂತ ಚೆನ್ನಾಗಿಯೇ ಬಂತು. ನಮ್ಮವರು ತಂದೆಯನ್ನು ಎದುರು ಕೂರಿಸಿ, ಎರಡು ಸ್ಪೀಕರುಗಳ ನಡುವಿನ ಜಾಗ ಹಗ್ಗದಿಂದ ಅಳೆದು, ಟೇಪು ಹಚ್ಚಿದರು. ಮಾವನವರು ಒಂದು ಬದಿ ಪೂರ್ತಿ ಕೇಳಿದರು. ಆಮೇಲೆ ಮಗನ ಮುಖ ನೋಡಿ, ನೋಯಿಸಬಾರದೆಂದು ಹೆಗಲ ಮೇಲೆ ಕೈಯಿಟ್ಟು ಹೇಳಿದರು. “ಭಾಳ ಚಲೋ ಹಾಡ್ತಾನ. ಆದ್ರ ನಾ ಅಲ್ಲಪಾ.”

ನಮ್ಮವರು ಎದ್ದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು. ಅವರನ್ನು ಅಷ್ಟು ದಿನ ಆಡಿಕೊಂಡವಳು ನಾನು; ಅಂದು ಹೋಗಿ ಪಕ್ಕದಲ್ಲಿ ಕೂತೆ. “ಎಲ್ಲಾ ಆ ತಪ್‌ತಪ್‌ದಾ ಕಾಟ” ಎಂದರು. “ಅದು ನಡುವ ಬಂದು ಅಪ್ಪನ ಧ್ಯಾನ ಕೆಡಸ್ತದ. ಸ್ಪೀಕರಿಂದಲ್ಲ ಅದು, ಟೇಪಿಂದಾ. ನಾಳಿ ಟೇಪ್ ವಾಡಿಗಿ ಒಯ್ದು ಮಿಸ್ತ್ರಿಗಿ ಕೊಡ್ತೀನಿ. ಅದನ್ನ ಒರಸಿ ಕೊಡ್ತೀನಂತ ಅಂದಾನ.” ಅಂಟು ಬಳಿದ ಆ ಕೈಗೆ ಇದ್ದೊಂದು ಟೇಪನ್ನು ಕೊಡುವುದೇ? ಬೇಡವೆಂದೆ. ಎಂದಿನಂತೆ ಕೇಳಿಸಲಿಲ್ಲ.

ಅಂದು ಸಂಜೆ ಅಳಿಯ ಗುಲಬರ್ಗಾದಿಂದ ಬರುತ್ತ ನಮ್ಮಲ್ಲಿ ಇಳಿದರು. ಉಂಡು ಕೊನೆಯ ಬಸ್ಸಿಗೆ ಸುಲೇಪೇಟಕ್ಕೆ ಹೋಗಬೇಕು, ಹೊತ್ತಿಲ್ಲ. ಅತ್ತೆಯವರು ಜೋಳದ ಹಿಟ್ಟು ನಾದಿಕೊಂಡು ರೊಟ್ಟಿ ಬಡಿಯಲು ಕೂತರು, ನಾನು ಹಂಚಿನ ಮೇಲೆ ಬೇಯಿಸುತ್ತಿದ್ದೆ. ನಮ್ಮವರು ಅಳಿಯನಿಗೆ ಆ ಸಪ್ಪಳ ಕೇಳಿಸಬೇಕೆಂದು ಪಡಸಾಲೆಯಲ್ಲಿ ಟೇಪು ಹಚ್ಚಿಬಿಟ್ಟರು. ಅತ್ತೆಯವರ ಕೈ ಹಿಟ್ಟಿನಲ್ಲಿತ್ತು, ಹಂಚು ಕಾದಿತ್ತು. ಆ ಸಲ ಅವರಿಗೆ ಹಿತ್ತಲಿಗೆ ಹೋಗಲು ಆಗಲಿಲ್ಲ.

ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಹೊರಗೆ ಮಾವನವರ ಧ್ವನಿ ಏರುತ್ತಿತ್ತು, ಒಳಗೆ ಅತ್ತೆಯವರ ಕೈ ರೊಟ್ಟಿಯ ಮೇಲೆ ಬೀಳುತ್ತಿತ್ತು. ತಪ್, ತಪ್, ತಪ್. ಅವರು ಒಣಹಿಟ್ಟು ತೆಗೆದುಕೊಳ್ಳಲು ಕೈ ನಿಲ್ಲಿಸಿದರು. ಸಪ್ಪಳ ನಿಲ್ಲಲಿಲ್ಲ.

ನಾನು ಅವರ ಕೈ ನೋಡಿದೆ. ಹಿಟ್ಟಿನ ಡಬ್ಬಿಯೊಳಗಿತ್ತು. ಪಡಸಾಲೆಯಿಂದ ತಪ್, ತಪ್ ಬರುತ್ತಲೇ ಇತ್ತು. ಅವರು ತಲೆ ತಗ್ಗಿಸಿದರು.

“ಅತ್ತಿ, ಅದು ನೀವಾ?”

“ಹೇಳಬ್ಯಾಡವ್ವ” ಎಂದರು. “ಯಾರೂ ಸಪ್ಪಳ ಮಾಡಬ್ಯಾಡ್ರಿ ಅಂದಿದ್ರು. ಕೆಮ್ಮಬ್ಯಾಡ್ರಿ ಅಂದಿದ್ರು. ಆದ್ರ ಅಷ್ಟು ಮಂದಿ ಉಣಬೇಕಲಾ? ರೊಟ್ಟಿ ಬಡೀಲಾರದ ಹ್ಯಾಂಗ ಇರಲಿ? ಗ್ವಾಡಿ ದಪ್ಪದಾವ, ಹೊರಗ ಹೋಗಂಗಿಲ್ಲ ಅಂತ ತಿಳದೆ. ಎಲ್ಲಾ ಬಂದು ಕುಂತದ ಅದರೊಳಗ. ಅವರು ಹಾಡಿದ್ದು ಅದೊಂದಾ ಉಳಿದಿತ್ತು, ಅದೂ ನನ್ನ ಕೈಯಿಂದಾ ಕೆಟ್ಟಿತು.” ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಹಿಟ್ಟಾಗಿದ್ದುದರಿಂದ ಒರೆಸಿಕೊಳ್ಳಲೂ ಇಲ್ಲ.

ಹೇಳಬೇಡ ಎಂದರೆ ಹೇಳದಿರುವ ಜಾಯಮಾನ ನನ್ನದಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ಸೀಯಲು ಬಿಟ್ಟು ಪಡಸಾಲೆಗೆ ಹೋದೆ. ನಮ್ಮವರು ಸ್ಪೀಕರಿಗೆ ಕಿವಿ ಹಚ್ಚಿಕೊಂಡು, “ಈಗ ನೋಡ್ರಿ, ಇಲ್ಲಿ ಬರ್ತದ, ಇಲ್ಲಿ ಬರ್ತದ” ಎಂದು ಅಳಿಯನಿಗೆ ಖರಾಬ್ ಮಾಲು ತೋರಿಸುತ್ತಿದ್ದರು. “ಅದು ಖರಾಬ್ ಮಾಲಲ್ಲರಿ” ಎಂದೆ. “ನೀವು ಎರಡೂ ಹೊತ್ತು ಉಣ್ತೀರಲಾ, ಆ ರೊಟ್ಟಿ. ನಿಮ್ಮ ಅವ್ವನ ಕೈ ಅದು.”

ಹುಟ್ಟಿದಾಗಿನಿಂದ ಆ ಸಪ್ಪಳ ಕೇಳುತ್ತ ಬೆಳೆದವರು ಅವರು. ಅಷ್ಟು ತಿಂಗಳು ಅದನ್ನು ಅಂಟಿನಿಂದ ಸರಿಮಾಡಲು ನೋಡಿದ್ದರು. ಇವತ್ತಿಗೂ ಅವರ ಅಂದಿನ ಮುಖ ನೆನೆದರೆ ನನಗೆ ನಗು ಬರುತ್ತದೆ. ಇವತ್ತಿಗೂ ಅವರು, ಅಷ್ಟು ಒಳ್ಳೆಯ ಸ್ಪೀಕರ್ ಕೂಡಿಸಿದ್ದಕ್ಕೇ ತಾನೆ ಅದು ರೊಟ್ಟಿ ಎಂದು ತಿಳಿದದ್ದು ಎಂದು ವಾದಿಸುತ್ತಾರೆ.

ಮಾವನವರು ಮಾತ್ರ ನಗಲಿಲ್ಲ. ಕೋಲು ಹಿಡಿದು ಎದ್ದರು. ಊಟದ ತಾಟು ಪಡಸಾಲೆಗೇ ತರಿಸಿಕೊಳ್ಳುವವರು ಅವರು. ಅಡಿಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಅಂದು ದಾಟಿ ಒಳಗೆ ಬಂದು ಅತ್ತೆಯವರ ಹತ್ತಿರ ಬರೀ ನೆಲದ ಮೇಲೆ ಕೂತರು. ಮೊದಲಿನಿಂದ ಹಚ್ಚಲು ಕೈಸನ್ನೆ ಮಾಡಿದರು. ನಾನು ಅವರ ಹಿಂದೆಯೇ ಬಂದವಳು ಹೊರಗೆ ಕೂಗಿ ಹೇಳಿದೆ. ಟೇಪು ಹಿಂದಕ್ಕೆ ಸರಿದು ಮತ್ತೆ ಸುರುವಾಯಿತು.

ಅರ್ಧ ಮುಚ್ಚಿದ ಬಾಗಿಲಿನಿಂದ ಹಾಯ್ದು, ಹೊಗೆಯ ನಡುವೆ ಬಂದ ಆ ಧ್ವನಿ ಪಡಸಾಲೆಯಲ್ಲಿ ಕೇಳಿದ್ದಕ್ಕಿಂತ ಬೇರೆಯಾಗಿತ್ತು. ಸೊಸೆಯಾಗಿ ಬಂದಮೇಲೆ ಪ್ರತಿ ಸೋಮವಾರ ನಾನು ಕೇಳಿದ್ದು ಅದನ್ನೇ. ಮಾವನವರು ಕಣ್ಣು ಮುಚ್ಚಿದ್ದರು. ರೊಟ್ಟಿಯ ಸಪ್ಪಳ ಬಂದಾಗ ಅವರ ಬೆರಳು ಮೊಣಕಾಲಿನ ಮೇಲೆ ಆಡಿತು. ಟೇಪಿನಲ್ಲಿ ಸಪ್ಪಳ ನಿಂತ ಕಡೆ ಹಾಡೂ ಒಂದು ಗಳಿಗೆ ತಡೆಯಿತು. ಕೈ ಮತ್ತೆ ಬಿದ್ದೊಡನೆ ಮುಂದಿನ ಸಾಲು ಎತ್ತಿಕೊಂಡಿತು. ಅಷ್ಟು ಸಲ ಕೇಳಿದರೂ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

“ಯಾವಾಗ್ಲೂ ಹಿಂಗಾ ಬಡೀತಿದ್ದೇನು?” ಎಂದರು ಮಾವನವರು.

“ಮಂದಿ ಉಣಬೇಕಲ್ರಿ” ಎಂದರು ಅತ್ತೆಯವರು ಕಣ್ಣೆತ್ತದೆ.

“ನಿನಗ ಹಿಂಗಾ ಕೇಳಸ್ತಿತ್ತು?”

“ಹಿಂಗಾರಿ. ಬರಾಬರ್ ಹಿಂಗಾ.”

ಮಾವನವರು ತಲೆ ಅಲ್ಲಾಡಿಸಿದರು. “ನನಗ ನನ್ನ ಆವಾಜ್ ಹಿಂಗ ಕೇಳಸ್ತಿದ್ದಿಲ್ಲ. ಇದು ನಂದಲ್ಲ.”

“ನಿಮ್ದು ಅಲ್ಲದಿದ್ರ ಬಿಡ್ರಿ” ಎಂದರು ಅತ್ತೆಯವರು. ಆ ಮನೆಯಲ್ಲಿ ಅವರು ಗಂಡನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ನಾ ಒಳಗ ಕುಂತು ಕೇಳಿದ್ದು ಇದಾ. ಇದು ನಂದು.”

ಹಾಡು ನಡೆದೇ ಇತ್ತು. ಅಳಿಯನ ಬಸ್ಸು ತಪ್ಪಿಹೋಯಿತು. ಒಂದು ಬದಿ ಮುಗಿದು ಟೇಪು ಟಕ್ಕೆಂದು ನಿಂತಿತು.

ನಿಂತೊಡನೆ ಅತ್ತೆಯವರು ಕೈ ತೊಳೆದು, ಒಲೆಯ ಹಿಂದೆ ಕಾಯುತ್ತಿದ್ದ ನೀರಿಗೆ ಶುಂಠಿ ಜಜ್ಜಿ ಹಾಕಿ, ಬೆಲ್ಲದ ಚೂರು ಬಿಟ್ಟು ಲೋಟಕ್ಕೆ ಬಗ್ಗಿಸಿದರು. ಭಜನೆ ಮುಗಿದ ಕೂಡಲೇ, ಹಾಡಿ ದಣಿದ ಗಂಟಲಿಗೆಂದು ಒಳಗಿನಿಂದ ಹೀಗೆ ಒಂದು ಲೋಟ ಹೊರಗೆ ಹೋಗುತ್ತಿತ್ತು. ಸೋಲಾಪುರದಿಂದ ಬಂದಮೇಲೆ ಅದು ನಿಂತುಹೋಗಿತ್ತು. ಅವರು ಯೋಚಿಸಿ ಮಾಡಿದ್ದಲ್ಲ, ಹಾಡು ನಿಂತದ್ದಕ್ಕೆ ಕೈ ತಾನಾಗಿ ಮಾಡಿತು. ಲೋಟ ಚಾಚಿದ ಮೇಲೆ ಅವರಿಗೇ ಅರಿವಾಗಿ ಕೈ ನಡುವೆಯೇ ತಡೆಯಿತು. ಹಾಡಿದವನು ನಾನಲ್ಲ ಎಂದು ಅಷ್ಟು ಕಾಲ ಹಟ ಹಿಡಿದ ಮನುಷ್ಯ ಅದನ್ನು ಮುಟ್ಟುತ್ತಾರೋ ಇಲ್ಲವೋ ಎಂದು ನನಗೆ ಭಯವಾಯಿತು.

ಮಾವನವರು ಎರಡೂ ಕೈಯಿಂದ ಲೋಟ ತೆಗೆದುಕೊಂಡರು. ಊದಿ ಊದಿ, ಒಂದು ಹನಿ ಬಿಡದೆ ಕುಡಿದರು. ಖಾಲಿ ಲೋಟವನ್ನು ಅತ್ತೆಯವರ ಮುಂದಿಟ್ಟು, ಗಂಟಲು ಸವರಿಕೊಂಡು, ನನ್ನ ಕಡೆ ತಿರುಗಿ ಉಸಿರಿನಲ್ಲಿ ಹೇಳಿದರು.

“ಇನ್ನೊಂದ್ ಬಾಜು ಹಚ್ಚಂತ ಹೇಳವ್ವ.”